ಲಿಫ್ಟಿನ ಪಕ್ಕ ದಾನೇಶ್ವರಿ ಹಾಕಿದ ಪರದೆ

ನಮ್ಮ ಬಿಲ್ಡಿಂಗಿನ ಬಲಗಡೆಯ ಲಿಫ್ಟು ಹನ್ನೊಂದನೇ ಮಾಳಿಗೆಯಲ್ಲಿ ನೆಲಕ್ಕೆ ಸರಿಯಾಗಿ ನಿಲ್ಲುವುದಿಲ್ಲ. ಒಂದು ಗೇಣು ಕೆಳಗೇ ನಿಂತು ಬಾಗಿಲು ತೆರೆಯುತ್ತದೆ. ನನ್ನ ಮಗಳು ಯಕ್ಷಿತಾಳ ತಳ್ಳುಗಾಡಿಯ ಮುಂದಿನ ಚಕ್ರ ಹೊರಗೆ, ಹಿಂದಿನ ಚಕ್ರ ಒಳಗೆ ಇರುವಾಗ ಅದು ಹೊರಟೇಬಿಟ್ಟರೆ? ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ ಬರುತ್ತದೆ, ಮಗಳ ಉಗುರು ಕತ್ತರಿಸುವಾಗ ಬರುತ್ತದೆ, ಮುಂಬಯಿಯ ಲೋಕಲ್ ರೈಲಿನಲ್ಲಿ ಘಾಟ್ಕೋಪರ್ ದಾಟುವಾಗ ಬರುತ್ತದೆ. "ಬಾಗಿಲು ತೆರೆದಿರುವಾಗ ಲಿಫ್ಟು ಹೊರಡಲಿಕ್ಕೇ ಆಗುವುದಿಲ್ಲ, ಅದಕ್ಕೆ ಸೆನ್ಸರ್ ಉಂಟು" ಅನ್ನುತ್ತಾರೆ ನನ್ನ ಗಂಡ ಸಂದೀಪ. ಅಷ್ಟು ಬುದ್ಧಿಯ ಸೆನ್ಸರ್ ಇರುವ ಲಿಫ್ಟು ಒಂದು ಗೇಣು ಕೆಳಗೆ ಯಾಕೆ ನಿಲ್ಲುತ್ತದೆ ಅಂತ ಕೇಳಿದರೆ, "ನಿನಗೆ ಚಿಂತೆಗೆ ಒಂದು ಕಾರಣ ಬೇಕು" ಅಂತ ಫೋನಿನೊಳಗೆ ಹೋಗಿಬಿಡುತ್ತಾರೆ.

ನಾನು ಚಿಂತೆ ಮಾಡುವವಳು ಹೌದು. ಮಗಳು ಕೆಮ್ಮಿದರೆ ನ್ಯುಮೋನಿಯಾ, ಕೆಮ್ಮದೆ ಸುಮ್ಮನಿದ್ದರೆ ಇನ್ನೇನೋ ದೊಡ್ಡದು. ಆದರೆ ಈ ಲಿಫ್ಟಿನ ವಿಷಯದಲ್ಲಿ ನನ್ನ ಚಿಂತೆಯನ್ನು ಯಾರಾದರೂ ನಗದೆ ಕೇಳಿಸಿಕೊಂಡದ್ದಿದ್ದರೆ ಅದು ಎದುರು ಫ್ಲ್ಯಾಟಿನ ದಾನೇಶ್ವರಿ. ಅವಳ ಕಥೆ ಇದು.

ಅವಳ ಪರಿಚಯ ಆದದ್ದೂ ಲಿಫ್ಟಿಗೆ ಕಾಯುವಾಗಲೇ. ಯಕ್ಷಿತಾ ಆಗ ಇನ್ನೂ ಕೂಸು. ಮಗುವಿನ ತೂಕ, ಹಾಲು, ನಿದ್ದೆ ಎಲ್ಲ ಬರೆದಿಡುವ ಒಂದು ಆ್ಯಪ್ ನನ್ನ ಫೋನಿನಲ್ಲಿತ್ತು. ಅವತ್ತು ಅದರಲ್ಲಿ ತೂಕದ ಗೆರೆ ಬಂಡೆಯ ಮೇಲಿಂದ ಬಿದ್ದ ಹಾಗೆ ಕೆಳಗೆ ಇಳಿದಿತ್ತು. ನಾನು ಅಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಹುಡುಗಿ, ಜೀನ್ಸು, ಹಣೆಗೆ ವಿಭೂತಿ, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಸಂಕೋಚವೇ ಇಲ್ಲದೆ ನನ್ನ ಫೋನಿಗೆ ಇಣುಕಿ, "ಕನ್ನಡದವ್ರೇನ್ರಿ? ಕೂಸಿಗೆ ಏನೋ ಮಾತಾಡಾಕತ್ತಿದ್ರಿ, ಕೇಳಿಸ್ತು. ಕೊಡ್ರಿ ಇಲ್ಲಿ" ಅಂದಳು. ಎರಡು ಬೆರಳಿನಿಂದ ಗ್ರಾಫನ್ನು ಹಿಗ್ಗಿಸಿ, ಎಡಗಡೆಯ ಅಂಕಿಗಳನ್ನು ತೋರಿಸಿದಳು. "ನೋಡ್ರಿ, ಇದು ಸೊನ್ನಿಯಿಂದ ಸುರು ಆಗಿಲ್ಲ. ಒಂದು ಹಿಡಿ ಅವಲಕ್ಕಿ ತೂಕದಷ್ಟು ಜಾಗಾನ ಇಡೀ ಸ್ಕ್ರೀನಿಗೆ ಎಳದಾರ. ನಿಮ್ಮ ಮಗಳು ಎಲ್ಲೂ ಬಿದ್ದಿಲ್ಲ. ಗೆರಿ ಬಿದ್ದೈತಿ, ಅಷ್ಟ."

ಲಿಫ್ಟು ಬಂತು. ಅವಳು ಎಡಗಡೆಯದ್ದರಲ್ಲಿ ಹತ್ತಿದಳು. ನಾನು ಅಲ್ಲೇ ನಿಂತು ಆ ಆ್ಯಪ್ ಅಳಿಸಿಹಾಕಿದೆ.

ಡ್ಯಾಶ್‌ಬೋರ್ಡ್ ಮಾಡುವುದು ಅವಳ ಕೆಲಸ. ಒಂದು ಆಸ್ಪತ್ರೆಯೋ ಗೋದಾಮೋ ಈ ಹೊತ್ತಿನಲ್ಲಿ ಹೇಗೆ ನಡೆಯುತ್ತಿದೆ ಅಂತ ಕಂಪ್ಯೂಟರಿನ ಒಂದೇ ಪರದೆಯಲ್ಲಿ ತೋರಿಸುವುದು. ಕೇಳಲಿಕ್ಕೆ ಸುಲಭ ಅನಿಸುತ್ತದೆ. ಆದರೆ ಅವಳ ಜೊತೆ ಲೋಕಲಿನಲ್ಲಿ ಓಡಾಡಲಿಕ್ಕೆ ಶುರು ಮಾಡಿದ ಮೇಲೆ ನನಗೆ ಗೊತ್ತಾಯಿತು, ಅದು ಜಗಳದ ಕೆಲಸ. ತೋರಿಸುವವನಿಗೆ ಎಲ್ಲವನ್ನೂ ತೋರಿಸುವ ಆಸೆ, ನೋಡುವವನಿಗೆ ಬೇಕಾದದ್ದು ಒಂದೇ ಒಂದು.

ದಾದರಿನಲ್ಲಿ ಗಾಡಿ ಬದಲಿಸುವಾಗ ಅವಳು ನನ್ನ ಭುಜ ಹಿಡಿದು ಪ್ಲಾಟ್‌ಫಾರ್ಮಿನ ಇಂಡಿಕೇಟರಿನ ಕಡೆ ತಿರುಗಿಸಿದ್ದು ನೆನಪಿದೆ. "ಇಡೀ ಮುಂಬಯಿನಾಗ ಭಾರಿ ಡ್ಯಾಶ್‌ಬೋರ್ಡ್ ಅಂದ್ರ ಇದ. ಎಲ್ಲಿಗೆ ಹೊಂಟೈತಿ, ಫಾಸ್ಟೋ ಸ್ಲೋನೋ, ಎಷ್ಟು ನಿಮಿಷಕ್ಕ ಬರ್ತೈತಿ. ಹಿಂದಿನ ವರ್ಷ ಎಷ್ಟು ಗಾಡಿ ಟೈಮಿಗೆ ಬಂದ್ವು ಅಂತ ಇಲ್ಲಿ ಹಾಕಿದ್ರ ಏನಾಗ್ತಿತ್ತು ಹೇಳ್ರಿ?"

"ಗಾಡಿ ತಪ್ಪುತ್ತಿತ್ತು."

"ಹೌದಿಲ್ಲೋ? ಇದನ್ನ ಆಫೀಸಿನ್ಯಾಗ ಹೇಳಿದ್ರ ನನಗ ಸೊಕ್ಕು ಅಂತಾರ."

ಅವಳ ತಂದೆ ಬಸವಂತರಾಯ ವಿಜಯಪುರದ ಕಡೆಯಿಂದ ಕಂತ್ರಾಟುದಾರನ ಹಿಂದೆ ಬಂದವರು. ಮುಲುಂಡಿನಲ್ಲಿ, ಠಾಣೆಯಲ್ಲಿ ಏಳುತ್ತಿದ್ದ ಟವರುಗಳಿಗೆ ಸಿಮೆಂಟು ಹೊತ್ತವರು. ಕಟ್ಟಡದ ಕಾಲಬುಡದಲ್ಲಿ ತಗಡಿನ ಶೆಡ್ಡು, ಅದರಲ್ಲಿ ಗಂಡ ಹೆಂಡತಿ ಮಗಳು. ಗೋಡೆಗೆ ಬಣ್ಣ ಬಿದ್ದ ಕೂಡಲೇ ಶೆಡ್ಡು ಕಿತ್ತುಕೊಂಡು ಮುಂದಿನ ಸೈಟಿಗೆ. "ಎಷ್ಟೋ ಬಿಲ್ಡಿಂಗಿನಾಗ ಎಲ್ಲಾರಕಿಂತ ಮೊದ್ಲ ಇದ್ದವ್ರು ನಾವು" ಅಂತ ಒಮ್ಮೆ ಹೇಳಿದ್ದಳು. "ಲಿಫ್ಟ್ ಬರೂದ್ರಾಗ ಹೊಂಟುಬಿಡ್ತಿದ್ವಿ." ಮುನ್ಸಿಪಾಲ್ಟಿಯ ಕನ್ನಡ ಶಾಲೆ, ಆಮೇಲೆ ಮರಾಠಿ ಹುಡುಗಿಯರ ನಡುವೆ ಕಾಲೇಜು, ಸಂಜೆಯ ಕಂಪ್ಯೂಟರ್ ಕ್ಲಾಸು. ಅಪ್ಪ ಹೋದ ಮೇಲೆ ಅವಳ ಸಂಬಳದಲ್ಲೇ ಮನೆ.

ಮೊದಲ ನೌಕರಿ ಬೈಕುಲ್ಲಾದ ಒಬ್ಬ ಸಗಟು ತರಕಾರಿ ವ್ಯಾಪಾರಿಯ ಆಫೀಸಿನಲ್ಲಿ. ಆತನಿಗೆ ತಂಪು ಕೋಣೆಗಳು ಸಾಲಾಗಿ ಇದ್ದವು. ಕಾರಿನ ಸ್ಪೀಡೋಮೀಟರಿನಂಥ ಮುಳ್ಳೊಂದು ಬೇಕು, ಕೂತಲ್ಲಿಂದಲೇ ಕಾಣಬೇಕು ಅಂತ ಆತನ ಹಟ. ಇವಳು ಹೊಸಬಳು, ಮಾಡಿಕೊಟ್ಟಳು. ಮುಳ್ಳು ಹಸಿರಿನಲ್ಲೇ ಇತ್ತು, ಯಜಮಾನ ಖುಷಿಯಲ್ಲಿದ್ದ. ಆ ವಾರ ಒಂದು ಕೋಣೆಯ ಟೊಮೇಟೊ ಪೂರಾ ಕೊಳೆತು ನೀರಾಯಿತು. ಮುಳ್ಳು ತೋರಿಸುತ್ತಿದ್ದದ್ದು ಎಲ್ಲ ಕೋಣೆಗಳ ಸರಾಸರಿ. ಬಾಕಿ ಕೋಣೆಗಳು ಚೆನ್ನಾಗಿ ತಣ್ಣಗಿದ್ದದ್ದರಿಂದ ಕೆಟ್ಟ ಕೋಣೆಯ ಬಿಸಿ ಅದರಲ್ಲಿ ಮುಳುಗಿಹೋಗಿತ್ತು. "ಸರಾಸರಿ ತಣ್ಣಗ ಇತ್ತ್ರಿ," ಅಂತ ಇವಳು ಅದನ್ನು ಹೇಳುವಾಗ ಮುಖದಲ್ಲಿ ನಗು ಇರುವುದಿಲ್ಲ. ಆವತ್ತಿನಿಂದ ಮುಳ್ಳು ಮಾಡುವುದಿಲ್ಲ ಅಂತ ಅವಳ ಶಪಥ. ಇಂಟರ್‌ವ್ಯೂಗಳಲ್ಲೂ ಹೇಳುತ್ತಾಳಂತೆ. ಎರಡು ನೌಕರಿ ಹಾಗೇ ತಪ್ಪಿವೆಯಂತೆ.

ಈಗ ಅವಳು ಮತ್ತು ಅವಳ ತಾಯಿ ಹಾಲವ್ವ ನಮ್ಮ ಎದುರಿಗೆ ಬಾಡಿಗೆಗೆ ಇದ್ದಾರೆ. ಹಾಲವ್ವನಿಗೆ ಮೊಣಕಾಲು ನೋವು, ಮೆಟ್ಟಿಲು ಆಗುವುದಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ದೂರದ ಗುಡ್ಡ ನೋಡುತ್ತಾ ಶೇಂಗಾ ಬಿಡಿಸುವುದು ಅವರ ಮಧ್ಯಾಹ್ನ. "ಈ ಮನಿ ಬಿಟ್ಟ್ ನಾ ಎಲ್ಲೂ ಬರಾಂಗಿಲ್ಲ, ಇನ್ನ ನನ್ನ ಹೊತಗೊಂಡ ಹೋಗೂದ ಬಾಕಿ" ಅಂತ ಬಂದವರಿಗೆಲ್ಲ ಹೇಳುತ್ತಾರೆ.

ಲಿಫ್ಟಿನ ಪರದೆಯ ಕೆಲಸ ಅವಳ ಕೊರಳಿಗೆ ಬಿದ್ದದ್ದು ನಮ್ಮ ಬಿಲ್ಡಿಂಗಿನ ಸೊಸೈಟಿಯ ಚೇರ್ಮನ್ ಧನರಾಜಣ್ಣನಿಂದಲೇ. ಅವರು ಉಡುಪಿ ಕಡೆಯವರು, ಸ್ಟೇಷನ್ನಿನ ಹತ್ತಿರ ಅವರದ್ದು ಹೊಟೇಲು. ನಮ್ಮ ಮಾವನಿಗೆ ಹಳೆಯ ಸ್ನೇಹಿತರು, ನಮ್ಮ ಮದುವೆಯ ಊಟದ ಉಸ್ತುವಾರಿಯೂ ಅವರದ್ದೇ. ಕೆಳಗೆ ಲಿಫ್ಟುಗಳ ಪಕ್ಕ ಸೊಸೈಟಿಯ ಟೀವಿಯೊಂದಿದೆ. ಅದರಲ್ಲಿ ಲಿಫ್ಟ್ ಕಂಪನಿಯವರು ಕಳಿಸುವ ಚಿತ್ರ ಓಡುತ್ತಿತ್ತು. ಹೋಳು ಮಾಡಿದ ಒಂದು ದೊಡ್ಡ ವೃತ್ತ, ಹೋಳಿಗೊಂದು ಬಣ್ಣ, ಅಲುಗಾಡುವ ಎರಡು ಮುಳ್ಳು, ನಡುವೆ ದಪ್ಪ ಹಸಿರು ಅಕ್ಷರದಲ್ಲಿ 'ಸೇವೆ ಶೇಕಡಾ ತೊಂಬತ್ತೆಂಟು, ಎಲ್ಲ ದೂರುಗಳೂ ಪರಿಹಾರ'.

"ದಾನೇಶ್ವರಿ ಮ್ಯಾಡಮ್, ನೀವು ಇದೇ ಕೆಲಸ ಮಾಡುವುದಲ್ವಾ?" ಅಂದರು ಧನರಾಜಣ್ಣ. "ಇದನ್ನೊಂಚೂರು ಚಂದ ಮಾಡಿ ಕೊಡಿ. ಗಣಪತಿಗೆ ಹೊರಗಿನವರೆಲ್ಲ ಬರ್ತಾರೆ. ಬಣ್ಣ ಗಿಣ್ಣ ಹಾಕಿ."

"ಚಂದ ಆಮ್ಯಾಲ್ರಿ. ಮೊದ್ಲ ಖರೇ ಆಗ್ಬೇಕು."

"ಎರಡೂ ಮಾಡಿ ಮಾರಾಯ್ರೆ. ಬೇಡ ಅಂದದ್ದು ಯಾರು?"

ಅವರು ಆ ಮಾತಿಗೆ ಆಮೇಲೆ ಬಹಳ ಪೇಚಾಡಿದರು.

ದಾನೇಶ್ವರಿ ಮೊದಲು ಬಂದದ್ದು ನನ್ನ ಹತ್ತಿರ. "ಹರಿಣಿ, ನೀವು ಆ ಟೀವಿ ಮುಂದ ನಿಂತಾಗ ನಿಮಗೇನು ಬೇಕು?"

"ಲಿಫ್ಟ್ ಬೇಗ ಬರಬೇಕು."

"ಅದಲ್ರಿ. ಏನ್ ಗೊತ್ತಾಗಬೇಕು?"

"ಮಗುವನ್ನು ಕರಕೊಂಡು ಇದರಲ್ಲಿ ಹತ್ತಬಹುದಾ ಬೇಡವಾ ಅಂತ."

"ಮುಗೀತಲ್ಲ. ಇಡೀ ಸ್ಕ್ರೀನಿಗೆ ಅಷ್ಟ ಕೆಲಸ."

ತೊಂಬತ್ತೆಂಟು ಎಲ್ಲಿಂದ ಬಂತು ಅಂತ ಅವಳು ಕಂಪನಿಗೆ ಫೋನು ಮಾಡಿ ಕೇಳಿದಳು. ಎಡಗಡೆಯ ಲಿಫ್ಟು, ಬಲಗಡೆಯದ್ದು, ಜೊತೆಗೆ ಹಿಂದುಗಡೆ ಸಾಮಾನು ಸಾಗಿಸುವ ಲಿಫ್ಟು, ಮೂರರ ಸರಾಸರಿ. ಹಿಂದಿನದ್ದನ್ನು ಯಾರಾದರೂ ಮನೆ ಬದಲಿಸುವಾಗ ಮಾತ್ರ ಓಡಿಸುತ್ತಾರೆ. ಓಡದ ಲಿಫ್ಟು ಕೆಡುವುದು ಹೇಗೆ? ಅದರ ಆರೋಗ್ಯವೆಲ್ಲ ಬಲಗಡೆಯದ್ದರ ಲೆಕ್ಕಕ್ಕೆ ಸೇರಿತ್ತು.

ಎಲ್ಲ ದೂರುಗಳೂ ಪರಿಹಾರವಾದದ್ದು ಹೇಗೆ ಅನ್ನುವುದು ಇನ್ನೂ ಚಂದ. ಯಾರಾದರೂ ದೂರು ಕೊಟ್ಟರೆ ಅವರ ಫೋನಿಗೆ ಒಂದು ಕೋಡ್ ಬರುತ್ತದೆ. ರಿಪೇರಿ ಸರಿಯಾಗಿದೆ ಅನಿಸಿದ ಮೇಲೆ ಅದನ್ನು ಮೆಕ್ಯಾನಿಕ್‌ಗೆ ಕೊಡಬೇಕು, ಅವನು ಒತ್ತಿದರೆ ದೂರು ಮುಚ್ಚುತ್ತದೆ. ನಮ್ಮ ಬಿಲ್ಡಿಂಗಿಗೆ ಬರುವ ಮೆಕ್ಯಾನಿಕ್ ಅಮೋಲ್. ಬೆವರಿಳಿಸಿಕೊಂಡು ಬರುತ್ತಾನೆ, ಲಿಫ್ಟಿನ ಬಾವಿಯಂಥ ಶಾಫ್ಟಿಗೆ ಇಣುಕುತ್ತಾನೆ, ಆಮೇಲೆ ಬಾಗಿಲಲ್ಲಿ ನಿಂತು, ಪಾರ್ಟು ನಾಳೆ ಬರುತ್ತದೆ, ಸಂಜೆಯೊಳಗೆ ದೂರು ಮುಚ್ಚದಿದ್ದರೆ ನನ್ನ ರೇಟಿಂಗ್ ಹೋಗುತ್ತದೆ, ಕೋಡ್ ಕೊಟ್ಟುಬಿಡಿ ಮ್ಯಾಡಮ್ ಅನ್ನುತ್ತಾನೆ. ನಾವು ಅವನಿಗೆ ಮೊದಲು ನೀರು ಕೊಡುತ್ತೇವೆ, ಆಮೇಲೆ ಕೋಡ್ ಕೊಡುತ್ತೇವೆ. ಬಿಲ್ಡಿಂಗಿನಲ್ಲಿ ಎಲ್ಲರೂ ಹಾಗೇ. ಪಾರ್ಟು ಬರುವುದಿಲ್ಲ, ಕಂಪನಿಯ ಲೆಕ್ಕದಲ್ಲಿ ದೂರೂ ಇಲ್ಲ.

ದಾನೇಶ್ವರಿ ಅವನಿಗೆ ಚಹಾ ಕುಡಿಸಿ ನೇರವಾಗಿಯೇ ಕೇಳಿದಳು, ಕೋಡ್ ಕೊಡುವುದಿಲ್ಲ ಅಂತ ಯಾರೂ ಅನ್ನುವುದಿಲ್ಲವಾ ಅಂತ. ಅಮೋಲ್ ಬಿಸ್ಕತ್ತು ಅದ್ದುತ್ತಾ, "ಬೇರೆ ಬಿಲ್ಡಿಂಗಿನಲ್ಲಿ ಅನ್ನುತ್ತಾರೆ. ನಿಮ್ಮಲ್ಲಿ ಎಲ್ಲ ಭಾರಿ ಒಳ್ಳೆಯ ಜನ" ಅಂದನಂತೆ.

"ಈ ಒಳ್ಳೇ ಜನಾನ ನನ್ನ ಡೇಟಾ ಕೆಡಿಸ್ಯಾರ" ಅಂತ ನನಗೆ ಬಂದು ಬೈದಳು, ನಾನೊಬ್ಬಳೇ ಇಡೀ ಬಿಲ್ಡಿಂಗು ಅನ್ನುವ ಹಾಗೆ.

ಅವಳ ಮೊದಲ ಪರದೆ ಕೆಲಸಕ್ಕೆ ಬರಲಿಲ್ಲ. ಅದನ್ನೂ ಹೇಳಬೇಕು. ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ಜನ ಹಾಕಿದ ದೂರುಗಳನ್ನೆಲ್ಲ ಹೆಕ್ಕಿ ತಾರೀಖು, ಮಾಳಿಗೆ, ಕಾರಣ ಅಂತ ಸಾಲುಸಾಲಾಗಿ ಹಾಕಿದ್ದಳು. ಒಂದು ಸಂಜೆ ತಾನೇ ಕೆಳಗೆ ಕಂಬಕ್ಕೆ ಒರಗಿ ನಿಂತು ಜನರ ಕಣ್ಣು ನೋಡಿದಳು. ಜನ ಬಂದರು, ಗುಂಡಿ ಒತ್ತಿದರು, ಪರದೆಯ ಕಡೆ ಒಮ್ಮೆ ನೋಡಿದರು, ಲಿಫ್ಟು ಬಂತು, ಹೋದರು. ಓದಲಿಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ಮೇಲೆ ಬಂದು ಅಷ್ಟನ್ನೂ ಅಳಿಸಿದಳು. "ನನಗೂ ತೋರಿಸೂ ಚಟ ಹತ್ತಿತ್ತು ನೋಡ್ರಿ."

ಎರಡನೆಯದ್ದರಲ್ಲಿ ಎರಡೇ ಚೌಕ ಇದ್ದವು, ಎಡಗಡೆಯ ಲಿಫ್ಟಿಗೊಂದು, ಬಲಗಡೆಯದ್ದಕ್ಕೊಂದು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಲಿಫ್ಟು ಇರುವ ಹಾಗೇ. ಒಳಗೆ ಒಂದು ದೊಡ್ಡ ಗುರುತು, ಕೆಳಗೆ ಒಂದು ಪದ, ಅದರ ಕೆಳಗೆ ಸಣ್ಣದಾಗಿ, ಕೊನೆಯ ಸಲ ಯಾವ ಮಾಳಿಗೆಯಲ್ಲಿ ಏನಾಯಿತು ಅಂತ ಒಂದು ಸಾಲು. ತುಂಬಿದ ವೃತ್ತ ಇದ್ದರೆ 'ಸರಿ ಇದೆ'. ಅಡ್ಡಗೆರೆ ಇದ್ದರೆ 'ಕೆಟ್ಟಿದೆ'. ಖಾಲಿ ವೃತ್ತ ಇದ್ದರೆ 'ಗೊತ್ತಿಲ್ಲ'. ನಾಲ್ಕನೇ ಮಾಳಿಗೆಯ ಅಂಕಲ್ಲಿಗೆ ಕೆಂಪು ಹಸಿರು ಎರಡೂ ಒಂದೇ ಥರ ಕಾಣುವುದರಿಂದ ಬಣ್ಣವನ್ನು ನಂಬಿ ಕೂರಲಿಲ್ಲ. ಪದಗಳು ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಇದ್ದವು, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಕೋಡ್ ಕೊಟ್ಟು ಮುಚ್ಚಿದ ದೂರಿಗೆ ಅವಳು 'ಸರಿ ಇದೆ' ಅಂತ ಹಾಕಲಿಲ್ಲ. ಪಾರ್ಟು ಬದಲಾದದ್ದನ್ನು ಯಾರೂ ನೋಡಿಲ್ಲವಾದರೆ 'ಗೊತ್ತಿಲ್ಲ'. ಹಾಗಾಗಿ ಬಲಗಡೆಯ ಚೌಕದಲ್ಲಿ ಖಾಲಿ ವೃತ್ತವೇ ಕೂತಿತು. ಜನ ನೋಡಿದರು. ನಿಂತರು. ಎಡಗಡೆಯ ಲಿಫ್ಟಿಗೆ ಸಾಲು ಬೆಳೆಯಿತು.

ಧನರಾಜಣ್ಣ ಬಂದರು. ಆ ದಿನವೇ ಫ್ಲ್ಯಾಟು ನೋಡಲಿಕ್ಕೆ ಬಂದ ಒಂದು ಕುಟುಂಬ ಪರದೆ ಓದಿ, ಮೆಟ್ಟಿಲಲ್ಲಿ ಎರಡು ಮಾಳಿಗೆ ಹತ್ತಿ, ಹಾಗೇ ಇಳಿದು ಹೋಗಿತ್ತಂತೆ.

"ಗೊತ್ತಿಲ್ಲ ಅಂದ್ರೆ ಎಂತ ಮ್ಯಾಡಮ್? ಕೆಟ್ಟಿದೆ ಅಂತ ಬೇಕಾದ್ರೆ ಹಾಕಿ, ರಿಪೇರಿ ಮಾಡಿಸ್ತಾ ಇದ್ದೇವೆ ಅನ್ನಬಹುದು. ಗೊತ್ತಿಲ್ಲ ಅಂದ್ರೆ ಕಮಿಟಿ ಮಲಗಿದೆ ಅಂತ ಅಲ್ವಾ?"

"ಕಂಪನಿಯವ್ರು ಸರಿ ಐತಿ ಅಂತಾರ. ಹನ್ನೊಂದನೇ ಮಾಳಿಗಿ ಮಂದಿ ಇಲ್ಲ ಅಂತಾರ. ನೀವೂ ಒಳಗ ಇಳಿದು ನೋಡಿಲ್ಲ, ನಾನೂ ನೋಡಿಲ್ಲ. ಮತ್ತ ಏನ್ ಗೊತ್ತೈತ್ರಿ ನಮಗ?"

"ಅದನ್ನು ತೆಗೀರಿ."

"ಲಿಫ್ಟ್ ನಿಲ್ಲಿಸಿ ಚೆಕ್ ಮಾಡಸ್ರಿ, ತಾನ ಹೋಗ್ತೈತಿ."

"ಹಬ್ಬದ ಟೈಮಿನಲ್ಲಿ ಲಿಫ್ಟ್ ನಿಲ್ಲಿಸ್ಲಿಕ್ಕಾಗ್ತದಾ? ನೀವು ಬಾಡಿಗೆಯವರು, ನಿಮಗೆ ಸೊಸೈಟಿಯ ತಲೆಬಿಸಿ ಯಾಕೆ?"

"ನಾ ಬಾಡಿಗಿ ಮನ್ಯಾಗ ಇದ್ದೀನ್ರಿ. ನಮ್ಮವ್ವ ಲಿಫ್ಟಿನಾಗ ಹತ್ತೂದು ಸ್ವಂತ ಕಾಲಿಂದ."

ಮರುದಿನ ಟೀವಿಯಲ್ಲಿ ಗಣಪತಿ ಹಬ್ಬದ ಕಾರ್ಯಕ್ರಮ ಓಡುತ್ತಿತ್ತು. ಪರದೆ ಹೋಗಿತ್ತು. ದಾನೇಶ್ವರಿ ಸ್ಟೇಷನರಿ ಅಂಗಡಿಯಿಂದ ಬಿಳಿ ಚಾರ್ಟ್ ಹಾಳೆ ತಂದಳು. ಸ್ಕೇಲು ಹಿಡಿದು ಅವೇ ಎರಡು ಚೌಕ, ಅದೇ ಗುರುತು, ಅದೇ ಪದ ಬರೆದು ಎರಡು ಲಿಫ್ಟಿನ ನಡುವಿನ ಗೋಡೆಗೆ ಅಂಟಿಸಿ ಆಫೀಸಿಗೆ ಹೋದಳು. ಸಂಜೆ ಅದು ಇರಲಿಲ್ಲ. ಬೆಳಿಗ್ಗೆ ಇನ್ನೊಂದು ಬಂತು. ಅದೂ ಹೋಯಿತು. ಮತ್ತೊಂದು ಬಂತು. ಹೀಗೇ ನಡೆಯಿತು. "ಕರೆಂಟ್ ಇಲ್ಲದಿದ್ರೂ ಡ್ಯಾಶ್‌ಬೋರ್ಡ್ ನಡೀತೈತಿ" ಅಂದಳು ನನಗೆ. "ಬರೇ ಸುಳ್ಳ ಹೇಳ್ಬಾರದು, ಅಷ್ಟ."

ಹಾಲವ್ವ ಕಾವಲಿಗೆ ಇಳಿದರು. ಎಡಗಡೆಯ ಲಿಫ್ಟಿನಲ್ಲಿ ಇಳಿದು, ವಾಚ್‌ಮನ್ ಪಕ್ಕದ ಕಲ್ಲಿನ ಬೆಂಚಿನಲ್ಲಿ ಶೇಂಗಾದ ಬುಟ್ಟಿ ಇಟ್ಟುಕೊಂಡು ಕೂತರು. ವಾಚ್‌ಮನ್ನಿಗೆ ಕನ್ನಡ ಬಾರದು, ಹಾಲವ್ವನಿಗೆ ಹಿಂದಿ ಅಷ್ಟಕ್ಕಷ್ಟೇ. ಆದರೂ ಅವನು ಹಾಳೆಯ ಹತ್ತಿರ ಹೋಗಲಿಲ್ಲ. ಧನರಾಜಣ್ಣ ಹೊಟೇಲಿಗೆ ಹೊರಟವರು ಅಲ್ಲಿ ನಿಂತರು.

"ಅಜ್ಜಿ, ನಿಮ್ಮ ಮಗಳಿಗೆ ಸ್ವಲ್ಪ ಬುದ್ಧಿ ಹೇಳಿ."

"ಹೇಳೀನ್ರಿ. ಇನ್ನ ದೊಡ್ಡದ ಬರಿ, ನನಗ ಕಾಣಸಂಗಿಲ್ಲ ಅಂತ ಹೇಳೀನಿ." ಹಾಲವ್ವ ಅವರ ಕೈಗೆ ನಾಲ್ಕು ಶೇಂಗಾ ಕೊಟ್ಟರು. "ಸಾಹೇಬ್ರ, ನಿಮ್ಮ ಹೊಟೇಲಿನಾಗ ಇಡ್ಲಿ ತೀರಿದ್ರ ಬೋರ್ಡಿನ ಮ್ಯಾಲ ಏನ್ ಮಾಡ್ತೀರಿ?"

"ಅಳಿಸ್ತೇವೆ."

"ಯಾಕ? ಇರ್ಲಿ ಬಿಡ್ರಲ್ಲ, ಚಂದ ಕಾಣ್ತೈತಿ."

ಧನರಾಜಣ್ಣ ಶೇಂಗಾ ಬಾಯಿಗೆ ಹಾಕಿಕೊಂಡು ನಕ್ಕರು. ನಕ್ಕರೂ ಬಿಡಲಿಲ್ಲ. ಆ ರವಿವಾರ ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತಾ ಹೇಳಿದರು. ದಾನೇಶ್ವರಿಯ ಬಾಡಿಗೆ ಅಗ್ರಿಮೆಂಟು ಮುಂದಿನ ತಿಂಗಳು ಮುಗಿಯುತ್ತದೆ. ಮುಂದುವರಿಸಬೇಕಾದರೆ ಕಮಿಟಿಯ ಒಪ್ಪಿಗೆ ಪತ್ರ ಬೇಕು. ಹಾಳೆ ತೆಗೆದರೆ ಪತ್ರ, ಇಲ್ಲದಿದ್ದರೆ ಇಲ್ಲ. "ನೀನು ಹೇಳು ಹರಿಣಿ. ನೀನು ನಮ್ಮವಳು. ಅವಳು ನಿನ್ನ ಮಾತು ಕೇಳ್ತಾಳೆ."

ಅವರು ಹೋದ ಮೇಲೆ ಸಂದೀಪನೂ ಅದನ್ನೇ ಹೇಳಿದರು. "ಅಪ್ಪನ ಸ್ನೇಹಿತರು. ನಾಳೆ ಮುಖ ನೋಡಬೇಕಲ್ಲ."

ನಾನು ಹೋಗಿ ಹೇಳಿದೆ. ದಾನೇಶ್ವರಿ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಮೊಸರನ್ನ ತಿನ್ನುತ್ತಿದ್ದಳು. ಪೂರ್ತಿ ಕೇಳಿಸಿಕೊಂಡಳು.

"ಹಾಳಿ ತೆಗ್ಯಾಂಗಿಲ್ಲ" ಅಂದಳು.

"ಅಮ್ಮನನ್ನು ಕರಕೊಂಡು ಎಲ್ಲಿಗೆ ಹೋಗುತ್ತೀಯಾ?"

"ನೋಡೂಣು. ಮನಿ ಬ್ಯಾಡ ಅಂತಲ್ರಿ. ಅವ್ವಗ ಆ ಕಿಡಕಿ ಭಾಳ ಸೇರೈತಿ. ಖರೇ ಹೇಳ್ಬೇಕಂದ್ರ ನನಗೂ. ಆದ್ರ ಗೊತ್ತಿಲ್ಲದ್ದನ್ನ ಸರಿ ಐತಿ ಅಂತ ಬರದು ಅದರ ಮುಂದ ದಿನಾ ಅಡ್ಡಾಡೂದು ನನ್ನ ಕೈಲೆ ಆಗೂದಿಲ್ಲ. ಒಂದ್ ಸಲ ಟೊಮೇಟೊ ಹೋತು. ಇಲ್ಲಿ ಹತ್ತಾವ್ರು ಮನುಷ್ಯಾರು." ತಟ್ಟೆ ಸಿಂಕಿನಲ್ಲಿ ಇಟ್ಟು ಕೈ ತೊಳೆದುಕೊಂಡಳು. "ಸರ್ಕಾರದ ಲಿಫ್ಟ್ ಇನ್‌ಸ್ಪೆಕ್ಟರ್ ಅಂತ ಇರ್ತಾರ. ದೂರು ಕೊಟ್ರ ಬಂದು ನೋಡ್ತಾರ, ಸರಿ ಇಲ್ಲಂದ್ರ ನಿಲ್ಲಸ್ತಾರ. ನಾ ಕೊಡಬಹುದು. ಕೊಟ್ರ ಧನರಾಜ್ ಏನಂತಾರ? ಬಾಡಿಗಿ ಹುಡುಗಿ, ಮನಿ ಹೊಂಟದ್ದಕ್ಕ ಹಗೆ ತೀರಸಾಕತ್ತಾಳ ಅಂತಾರ. ಮಾಲಕರು ಒ‌ಬ್ರು ಕೊಟ್ರ ಅದು ಬಿಲ್ಡಿಂಗಿನ ಮಾತಾಗ್ತೈತಿ. ಆಮ್ಯಾಲ ನನ್ನೊಬ್ಬಾಕೀನ ಹೊರಗ ಹಾಕಿ ಏನೂ ಉಪಯೋಗ ಇಲ್ಲ."

ಮನೆ ನನ್ನ ಮತ್ತು ಸಂದೀಪನ ಹೆಸರಿನಲ್ಲಿದೆ. ಅವಳಿಗೆ ಅದು ಗೊತ್ತು.

"ಸಂದೀಪನನ್ನು ಕೇಳುತ್ತೇನೆ" ಅಂದೆ.

"ಕೇಳ್ರಿ" ಅಂದಳು. ಇನ್‌ಸ್ಪೆಕ್ಟರ್ ಆಫೀಸಿನ ನಂಬರು ಕಳಿಸಿದಳು.

ಆ ನಂಬರು ನನ್ನ ಫೋನಿನಲ್ಲಿ ಕೂತಿತು. ಅದನ್ನು ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ. ಮಾವನಿಗೆ ಹೇಗೆ ಹೇಳುವುದು, ಧನರಾಜಣ್ಣನ ಹೆಂಡತಿ ನಾಳೆ ಮಾತಾಡಿಸದಿದ್ದರೆ, ಹಬ್ಬದ ಊಟದಲ್ಲಿ ಎಲ್ಲರೂ ನಮ್ಮ ಕಡೆ ನೋಡಿದರೆ. ಸಂದೀಪನನ್ನು ಕೇಳಲೂ ಇಲ್ಲ, ಉತ್ತರ ಗೊತ್ತಿತ್ತಲ್ಲ. ಗೋಡೆಯ ಮೇಲೆ ಹಾಳೆ ಬರುತ್ತಲೇ ಇತ್ತು, ಈಗ ಅಕ್ಷರ ಇನ್ನೂ ದಪ್ಪಗಾಗಿತ್ತು. ಎದುರು ಮನೆಯ ಬಾಗಿಲಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳೂ ಬಂದು ಕೂತವು.

ಗಣಪತಿಯ ಮುಂಚಿನ ದಿನ. ಎಡಗಡೆಯ ಲಿಫ್ಟಿನಲ್ಲಿ ಮಂಟಪದ ಸಾಮಾನು ಸಾಗುತ್ತಿತ್ತು, ಬರುವ ಲಕ್ಷಣವೇ ಇರಲಿಲ್ಲ. ಯಕ್ಷಿತಾಳನ್ನು ಪಾಳ್ಣಾಘರಿಗೆ, ಅಂದರೆ ಹಗಲು ಮಕ್ಕಳನ್ನು ನೋಡಿಕೊಳ್ಳುವವರ ಮನೆಗೆ, ಬಿಟ್ಟು ನಾನು ಆಫೀಸಿಗೆ ಹೋಗಬೇಕು, ತಡವಾಗಿತ್ತು. ಬಲಗಡೆಯದ್ದು ಬಂತು. ಗೇಣು ಕೆಳಗೆ ನಿಂತಿತು. ಗಾಡಿ ಮಡಚಿ, ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಇಳಿದೆ, ಲಿಫ್ಟಿನೊಳಕ್ಕೆ ಇಳಿಯಲೇಬೇಕಿತ್ತು.

ಮೂರನೇ ಮಾಳಿಗೆ ದಾಟಿದ ಮೇಲೆ ಅದು ನಿಂತಿತು. ಫ್ಯಾನು ನಿಂತಿತು, ದೀಪ ಹೋಯಿತು. ಆಮೇಲೆ ಒಮ್ಮೆ ಜಾರಿತು. ಯಕ್ಷಿತಾ ಆಟ ಅಂದುಕೊಂಡು ನಕ್ಕಳು, ಇನ್ನೊಮ್ಮೆ ಅಂದಳು. ನಾನು ಅವಳ ತಲೆಯನ್ನು ನನ್ನ ಎದೆಗೆ ಒತ್ತಿ ಹಿಡಿದು ಬಾಗಿಲು ಬಡಿದೆ.

ಹೊರಗಿನಿಂದ ಬಾಗಿಲು ಸರಿಸಿದವರು ವಾಚ್‌ಮನ್ ಮತ್ತು ಧನರಾಜಣ್ಣ. ಎರಡನೇ ಮಾಳಿಗೆಯ ನೆಲ ನನ್ನ ಎದೆಮಟ್ಟಕ್ಕೆ ಇತ್ತು. "ಮಗುವನ್ನು ಕೊಡು, ಮೊದಲು ಮಗುವನ್ನು ಕೊಡು" ಅಂತ ಧನರಾಜಣ್ಣ ಬಗ್ಗಿ ಕೈ ಚಾಚಿದರು. ಅವಳನ್ನು ಎತ್ತಿಕೊಂಡು, ಬೆನ್ನು ಸವರಿ, ಆಮೇಲೆ ನನ್ನನ್ನು ಎಳೆದುಕೊಂಡರು. ಆ ಹೊತ್ತಿನಲ್ಲಿ ಅವರು ಒಳ್ಳೆಯ ಮನುಷ್ಯರಾಗಿಯೇ ಇದ್ದರು, ಅದನ್ನು ನಾನು ಬರೆಯದೆ ಇರುವುದಿಲ್ಲ.

ಕೆಳಗೆ ಬೆಂಚಿನಲ್ಲಿ ಕೂತು ನೀರು ಕುಡಿದೆ. ಕಂಪನಿಗೆ ದೂರು ಕೊಟ್ಟೆ, ಕೋಡ್ ಬಂತು. ಧನರಾಜಣ್ಣ ಪಕ್ಕದಲ್ಲಿ ಕೂತರು.

"ಏನೂ ಆಗಲಿಲ್ಲ ಅಲ್ವಾ. ದೇವರು ದೊಡ್ಡವನು. ಇದನ್ನು ಗ್ರೂಪಿನಲ್ಲಿ ಹಾಕಬೇಡ ಮಾರಾಯ್ತಿ, ನಾಳೆ ಹಬ್ಬ."

ಅಮೋಲ್ ಬಂದ, ಮೇಲೆ ಹೋದ, ಶಾಫ್ಟಿಗೆ ಇಣುಕಿದ, ಲಿಫ್ಟನ್ನು ಹತ್ತಿಸಿ ಇಳಿಸಿದ. ಕೊನೆಗೆ ಬೆವರು ಒರೆಸಿಕೊಳ್ಳುತ್ತಾ ನನ್ನ ಮುಂದೆ ನಿಂತ.

"ಮ್ಯಾಡಮ್, ಕೋಡ್."

"ಈಗ ಹನ್ನೊಂದನೇ ಮಾಳಿಗೆಯಲ್ಲಿ ನೆಲಕ್ಕೆ ಸರಿಯಾಗಿ ನಿಲ್ಲುತ್ತದಾ?" ಅಂತ ಹಿಂದಿಯಲ್ಲಿ ಕೇಳಿದೆ.

"ಪಾರ್ಟು ನಾಳೆ ಬರುತ್ತದೆ ಮ್ಯಾಡಮ್."

"ಹಾಗಾದರೆ ಕೋಡ್ ನಾಳೆ."

ಅವನು ಧನರಾಜಣ್ಣನ ಮುಖ ನೋಡಿದ. "ಕೊಟ್ಟುಬಿಡು ಹರಿಣಿ" ಅಂದರು ಅವರು. "ಅವನ ಕೆಲಸದ ಪ್ರಶ್ನೆ."

"ನೀರು ಕೊಡುತ್ತೇನೆ" ಅಂದೆ. ಬಾಟಲಿ ಅವನ ಕೈಗೆ ಕೊಟ್ಟೆ. ಕುಡಿದ, ಪಾಪ. ಕೋಡ್ ನನ್ನ ಹತ್ತಿರವೇ ಉಳಿಯಿತು. ಯಕ್ಷಿತಾ ನನ್ನ ಮಂಗಳಸೂತ್ರ ಬಾಯಿಗೆ ಹಾಕಿಕೊಂಡು ಕಚ್ಚುತ್ತಿದ್ದಳು. ದಾನೇಶ್ವರಿ ಕಳಿಸಿದ ನಂಬರು ತೆರೆದು ಒತ್ತಿದೆ.

"ಯಾರಿಗೆ?" ಅಂದರು ಧನರಾಜಣ್ಣ.

"ಲಿಫ್ಟ್ ಇನ್‌ಸ್ಪೆಕ್ಟರ್ ಆಫೀಸಿಗೆ."

"ಸಂದೀಪನಿಗೆ ಗೊತ್ತುಂಟಾ?"

"ಸಂಜೆ ಹೇಳುತ್ತೇನೆ."

ಅವರು ಎದ್ದು ನಿಂತರು, ಹೋಗಲಿಲ್ಲ. ಆ ಕಡೆ ಗಂಟೆ ಬಹಳ ಹೊತ್ತು ಬಾರಿಸಿತು. ಕೊನೆಗೆ ಒಬ್ಬ ಹೆಂಗಸು ಎತ್ತಿ, ಆರಾಮಾದ ಮರಾಠಿಯಲ್ಲಿ ಏನು ದೂರು, ಯಾವ ಬಿಲ್ಡಿಂಗು ಅಂತ ಕೇಳಿದರು. ಹೇಳಿದೆ. ಬಲಗಡೆಯ ಲಿಫ್ಟು ಅಂದೆ. ಒಳಗೆ ಮಗು ಇತ್ತು ಅಂದೆ. ಮುಂಚೆ ಯಾರಾದರೂ ಕಮಿಟಿಗೆ ತಿಳಿಸಿದ್ದರಾ ಅಂತ ಕೇಳಿದರು.

"ತಿಳಿಸಿದ್ದಾರೆ. ದಾನೇಶ್ವರಿ ಅಂತ, ನಮ್ಮ ಎದುರು ಮನೆಯವರು. ದಿನಾ ಗೋಡೆಗೆ ಅಂಟಿಸಿದ್ದಾರೆ. ಅದಕ್ಕಾಗಿ ಕಮಿಟಿಯವರು ಅವರನ್ನು ಮನೆಯಿಂದ ಬಿಡಿಸಲಿಕ್ಕೆ ನೋಡುತ್ತಿದ್ದಾರೆ. ಅದನ್ನೂ ಬರೆದುಕೊಳ್ಳಿ."

"ದೂರು ಅವರ ಹೆಸರಿನಲ್ಲಿ ಹಾಕಲಾ?"

"ಬೇಡ" ಅಂದೆ. "ನನ್ನ ಹೆಸರಿನಲ್ಲಿ ಹಾಕಿ. ಹರಿಣಿ. ಹನ್ನೊಂದನೇ ಮಾಳಿಗೆ, ಮನೆಯ ಮಾಲಕಿ. ನಂಬರು ಹೇಳುತ್ತೇನೆ, ಬರೆದುಕೊಳ್ಳಿ."